ಮೊದಲ ಸಾಲಿನ ಹಜರತಬೀ

ಒಂಬತ್ತನೆಯ ಕಂತು

"ಇನ್ನೊಮ್ಮೆ ಹುಡುಕು" ಅಂದಳು ಹುಲಗೆಮ್ಮ.

"ಐದು ಸಲ ಆತ್ರಿ ಮೇಡಂ."

"ಆರನೇ ಸಲ ಹುಡುಕು."

ಪಂಪಾಪತಿ ಉಸಿರು ಬಿಟ್ಟು ಕಂಪ್ಯೂಟರಿನ ಕೀಲಿಗಳ ಮೇಲೆ ಬೆರಳಾಡಿಸಿದ. ಕುಕನೂರು, ಹಜರತಬೀ, ಎಲುಬು. ಮೂರೇ ಪದ. ಪರದೆಯ ಮೊದಲ ಸಾಲಿನಲ್ಲಿ ಮತ್ತೆ ಅದೇ ಬಂತು: 'ಕುಕನೂರಿನ ಹಜರತಬೀ ಎಲುಬು ಚಿಕಿತ್ಸಾ ಕೇಂದ್ರ, ಗಂಗಾವತಿ. 1987ರಿಂದ ನಿಮ್ಮ ಸೇವೆಯಲ್ಲಿ.'

ಎರಡನೆಯ ಸಾಲಿನಲ್ಲೂ ಅದೇ ಕೇಂದ್ರ. ಮೂರನೆಯದರಲ್ಲೂ ಅದೇ. ಹೆಸರು ಬಿಟ್ಟು, ಬರೀ 'ಎಲುಬು ಕಟ್ಟುವವರು' ಎಂದು ಹುಡುಕಿದರೂ ಅದೇ. ಕುಕನೂರಿನಲ್ಲಿ ತನ್ನ ಮನೆಯ ಪಡಸಾಲೆಯಲ್ಲಿ ಕೂತು, ಬಿದಿರಿನ ದಬ್ಬೆ ಇಟ್ಟು ನಲವತ್ತು ವರ್ಷದಿಂದ ಮುರಿದ ಎಲುಬು ಕಟ್ಟುತ್ತ ಬಂದಿರುವ ಹಜರತಬೀ ಮಾತ್ರ ಎಷ್ಟು ಕೆಳಗೆ ಇಳಿದರೂ ಸಿಗಲಿಲ್ಲ.

ಆ ಮೊದಲ ಸಾಲನ್ನು ನಂಬಿ ಗಂಗಾವತಿಯ ಅಕ್ಕಿ ಗಿರಣಿಯ ಹಮಾಲ ಹೊನ್ನೂರಪ್ಪ ಮುರಿದ ಮುಂಗೈ ಹಿಡಿದುಕೊಂಡು ಕೇಂದ್ರಕ್ಕೆ ಹೋಗಿದ್ದ. ಬಿಗಿದು ಕಟ್ಟಿದ ಕಟ್ಟಿನೊಳಗೆ ಬೆರಳು ಕಪ್ಪಾಗಿ ಈಗ ಕೊಪ್ಪಳದ ಆಸ್ಪತ್ರೆಯಲ್ಲಿ ಮಲಗಿದ್ದ. ಕೇಂದ್ರಕ್ಕೆ ಬೀಗ ಬಿದ್ದಿತ್ತು. ಕಟ್ಟು ಕಟ್ಟಿದವನು ಮುಖಕ್ಕೆ ಮಾಸ್ಕ್ ಹಾಕಿದ್ದನಂತೆ, ಯಾರೋ ಏನೋ. ಸಿಕ್ಕಿದ್ದು ಒಂದು ಹೆಸರು ಮಾತ್ರ. ಹೊನ್ನೂರಪ್ಪನ ದೂರು ಆ ಹೆಸರಿಗೇ ಬಿದ್ದಿತ್ತು. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಎಪ್ಪತ್ತೆರಡು ವರ್ಷದ ಹಜರತಬೀಯನ್ನು ಠಾಣೆಗೆ ಕರೆತಂದು ಬಂಧಿಸುವುದೆಂದು ತೀರ್ಮಾನವಾಗಿತ್ತು.

ಅವಳದಲ್ಲ ಈ ಕೇಂದ್ರ ಎಂದು ತೋರಿಸಲು ಹುಲಗೆಮ್ಮನಿಗೆ ಇದ್ದದ್ದು ಇವತ್ತಿನ ಮಧ್ಯಾಹ್ನವೊಂದೇ.

ಇಪ್ಪತ್ತೆಂಟು ವರ್ಷ ಪೊಲೀಸು ಕೆಲಸ ಮಾಡಿದವಳು ಅವಳು. ಕಳ್ಳನ ಬೆನ್ನು ಹತ್ತಿ ಎರಿ ಹೊಲದಲ್ಲಿ ಓಡಿದವಳು, ಕುಡಿದು ಬಂದ ಗಂಡಂದಿರನ್ನು ಒಂದೇ ನೋಟದಲ್ಲಿ ಕೂರಿಸಿದವಳು. ನಿವೃತ್ತಿಗೆ ಮೂರು ವರ್ಷ ಇರುವಾಗ ಅವಳನ್ನು ತಂದು ಸೈಬರ್ ವಿಭಾಗದಲ್ಲಿ ಕೂರಿಸಿದ್ದರು. ಇಲ್ಲಿ ಓಡುವ ಕಳ್ಳ ಇಲ್ಲ, ಹಿಡಿಯುವ ಕೊರಳಪಟ್ಟಿ ಇಲ್ಲ. ಆ ಪುಟ ಯಾರ ಹೆಸರಿನಲ್ಲಿದೆ ಎಂದು ತಾಣ ನಡೆಸುವ ಕಂಪನಿಗೆ ಬರೆದು ಕೇಳಿದ್ದಕ್ಕೆ, ನಿಮ್ಮ ಪತ್ರ ತಲುಪಿದೆ, ಇಪ್ಪತ್ತೊಂದು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಎಂಬ ಉತ್ತರ ಬಂದಿತ್ತು. ಅದನ್ನು ಓದಿದಾಗಿನಿಂದ ಅವಳ ತಲೆಯ ಒಂದು ಬದಿ ನೋಯುತ್ತಿತ್ತು.

ಫೋನು ಗುಣುಗುಟ್ಟಿತು. ಎಸ್‌ಐ ಶರಣಬಸವ ಸಾಹೇಬರು. ವಯಸ್ಸಿನಲ್ಲಿ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವರು.

"ಹುಲಗೆಮ್ಮನೋರ, ಎಲ್ಲಿ ತನಕ ಬಂತು?"

"ಗಂಗಾವತಿ ತನಕ ಬಂತ್ರಿ ಸರ್. ಬಸ್ಸಿನ್ಯಾಗ ನಿಂತು ಬಂತು."

"ಅದಲ್ರಿ, ಕೇಸು."

"ಅದೂ ನಿಂತೈತ್ರಿ."

"ನೋಡ್ರಿ, ನಾನೂ ಹುಡುಕಿದೆ. ಮೊದಲ ಅದ ಬರ್ತೈತಿ. ನ್ಯೂಸ್‌ನವರು ಬರದಾರ, ಸಾಲಿ ಮಾಸ್ತರರು ಬರದಾರ, ಕಲ್ಯಾಣ ಮಂಟಪದವರೂ ಬರದಾರ. ಹನ್ನೆರಡು ವರ್ಷದ ಹಿಂದಿಂದ ಒಂದು ಲೇಖನ ಐತಿ. ಇಷ್ಟು ಮಂದಿ ಸುಳ್ಳು ಹೇಳ್ತಾರೇನು? ಕೇಂದ್ರ ಆಕಿದ. ಆಕಿ ತಂಗಿ ಮಗನ್ನ, ಆ ಮುನವ್ವರನ್ನ ಇಟ್ಟು ನಡಿಸ್ಯಾಳ."

"ಮುನವ್ವರ ಆಕಿ ಜೋಡಿ ಜಗಳ ಮಾಡಿ ಆರು ವರ್ಷ ಆತ್ರಿ. ಕುಷ್ಟಗಿಯೊಳಗ ಲಗೇಜ್ ಆಟೋ ಹೊಡೀತಾನ."

"ಜಗಳ ಆಗ್ತಾವು, ಕೂಡ್ತಾವು. ನೀವು ಏನರ ತರೂದಿದ್ರ ಪ್ರಿಂಟ್ ತಗೊಂಡು ಬರ್ರಿ. ಬಾಯಿ ಮಾತು ಬ್ಯಾಡ."

ಪ್ರಿಂಟ್ ತಗೊಂಡು ಬರ್ರಿ. ಈ ಮನುಷ್ಯ ದೇವರ ಮುಂದೆ ಕೈ ಮುಗಿದರೂ ವರದ ಪ್ರಿಂಟ್ ಕೇಳುತ್ತಾನೆ ಎಂದುಕೊಂಡು ಹುಲಗೆಮ್ಮ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟಳು.

ಪಂಪಾಪತಿಯ ಕಚೇರಿ ಅಕ್ಬರ ಸಾಹೇಬರ ಅಕ್ಕಿ ಅಂಗಡಿಯ ಮಾಳಿಗೆಯ ಮೇಲಿನ ಒಂದು ಕೋಣೆ. ತಗಡಿನ ಸೂರು ಕಾದು ಬುಸುಗುಡುತ್ತಿತ್ತು. ಮೂವತ್ತರ ಆಸುಪಾಸಿನ ಮನುಷ್ಯ. ಬಾಗಿಲ ಮೇಲೆ 'ನಿಮ್ಮನ್ನು ಮೊದಲ ಸಾಲಿಗೆ ತರುತ್ತೇವೆ' ಎಂಬ ಬೋರ್ಡು. ಕೇಂದ್ರದ ಪುಟದ ಅಡಿಯಲ್ಲೂ ಅದೇ ಸಾಲು ಇತ್ತು, ಅದನ್ನು ಹಿಡಿದೇ ಹುಲಗೆಮ್ಮ ಇಲ್ಲಿಗೆ ಬಂದಿದ್ದಳು. ಇದ್ದದ್ದು ಒಂದೇ ಟೇಬಲ್ ಫ್ಯಾನು. ಅವಳು ಬಂದು ಕೂತ ಕೂಡಲೇ ಅದನ್ನು ಅವಳ ಕಡೆಗೆ ತಿರುಗಿಸಿ, ತಾನು ಬೆವರುತ್ತ ಕೂತಿದ್ದ. ಹುಲಗೆಮ್ಮ ಅದನ್ನು ಗಮನಿಸಿದ್ದಳು. ಗಮನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂದಿತ್ತು. ಪೂರ್ತಿ ಕೆಟ್ಟವರಾದರೆ ಕೆಲಸ ಹಗುರ.

"ತಮ್ಮಾ, ನನಗ ತಿಳಿಯುವಂಗ ಹೇಳು. ಖರೆ ಹಜರತಬೀ ಕೆಳಗ, ಸುಳ್ಳು ಹಜರತಬೀ ಮ್ಯಾಲ. ಹೆಂಗ?"

"ಸುಳ್ಳು ಖರೆ ಕಂಪ್ಯೂಟರಿಗೆ ಗೊತ್ತಿಲ್ರಿ ಮೇಡಂ. ಅದು ಎಣಿಸ್ತೈತಿ. ಒಂದು ಪುಟದಾಗ ಇನ್ನೊಂದು ಪುಟದ ಹೆಸರು ನೀಲಿ ಅಕ್ಷರದಾಗ ಬರದಿರ್ತಾರ ನೋಡ್ರಿ, ಒತ್ತಿದ್ರ ಅಲ್ಲಿಗೆ ಹೋಗ್ತೈತಿ. ಅದ ಲಿಂಕು. ಎಷ್ಟು ಮಂದಿ ನಿಮ್ಮ ಕಡಿ ಲಿಂಕು ಕೊಟ್ಟಾರ, ಅಷ್ಟು ನಿಮ್ಮ ಮಾತಿಗೆ ತೂಕ. ತೂಕ ಇದ್ದವರು ಮ್ಯಾಲ."

"ಮತ್ತ ಈ ಕೇಂದ್ರಕ್ಕ ಎಷ್ಟು ಮಂದಿ ಕೊಟ್ಟಾರ?"

"ನಲವತ್ತೆರಡು."

"ಅವರೆಲ್ಲ ಯಾರು?"

ಪಂಪಾಪತಿ ಟೇಬಲ್ಲಿನ ಮೇಲಿದ್ದ ಪೆನ್ನನ್ನು ನೆಟ್ಟಗೆ ಮಾಡಿದ. ಆಮೇಲೆ ಮತ್ತೆ ಸೊಟ್ಟ ಮಾಡಿದ.

"ನಾನ ರೀ."

"ನಲವತ್ತೆರಡೂ?"

"ನನ್ನವ ಸೈಟು ಹದಿನೈದು. ಉಳಿದದ್ದು ಗೆಳ್ಯಾರವು, ಗಿರಾಕಿಗಳವು. ಸಾಲಿ ಸೈಟು ನಾನ ಮಾಡಿಕೊಟ್ಟಿದ್ದೆ, ಕೀಲಿ ನನ್ನ ಕಡಿ ಐತಿ. ಒಂದು ಮೂಲ್ಯಾಗ ಒಂದು ಸಾಲು ಸೇರಿಸಿದೆ. ಹೆಡ್‌ಮಾಸ್ತರಿಗೆ ಗೊತ್ತಿಲ್ಲ."

ಹುಲಗೆಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಇದು ಹೊಟ್ಟಿ ತುಂಬೋ ಧಂಧೆ ಅಂತಿಯೇನು?"

"ಧಂಧೆನ ರೀ. ಬಸ್ ಸ್ಟ್ಯಾಂಡ್‌ನ್ಯಾಗ ಬೋರ್ಡ್ ಹಾಕಸ್ತಾರ. ರೊಕ್ಕ ಕೊಟ್ಟ ಹಾಕಸ್ತಾರ. ಅವರ ಮ್ಯಾಲ ಯಾರರ ಕೇಸ್ ಮಾಡ್ಯಾರೇನ್ರಿ?"

"ಬೋರ್ಡು ಬೋರ್ಡಿನಂಗ ಕಾಣ್ತೈತಿ. ನೋಡಿದಾಂವಗ ಇದು ರೊಕ್ಕ ಕೊಟ್ಟು ಬರಸಿದ್ದು ಅಂತ ಗೊತ್ತಿರ್ತೈತಿ. ನೀ ಮಾಡಿದ್ದು ಹಂಗಲ್ಲ. ಊರಿಗೆ ಹೊಸಬ ಬರ್ತಾನ. ಕೈ ಮುರದೈತಿ. ಎಲುಬು ಕಟ್ಟೋರ ಮನಿ ಯಾವ ಕಡಿ ಅಂತ ಕೇಳ್ತಾನ. ನಲವತ್ತೆರಡು ಮಂದಿ ಒಂದ ಕಡಿ ಕೈ ತೋರಸ್ತಾರ. ಅಷ್ಟೂ ಮಂದಿನ ಕೂಲಿ ಕೊಟ್ಟು ನಿಲ್ಲಿಸಿದಾಂವ ನೀನು."

"ದೊಡ್ಡ ದೊಡ್ಡ ದವಾಖಾನಿಯವರು ಮಾಡ್ತಾರ್ರಿ ಮೇಡಂ, ಸಾವಿರಗಟ್ಟಲೆ ಲಿಂಕು. ಅವರು ಮಾಡಿದ್ರ ಪ್ರಚಾರ. ನಾ ಮಾಡಿದ್ರ ಮೋಸ ಏನ್ರಿ? ಅವರು ಹೆಂಗೂ ಮ್ಯಾಲ ಇರ್ತಾರ. ನಾ ಸಣ್ಣವರನ್ನ ಮ್ಯಾಲ ತರ್ತೀನಿ. ಕುಷ್ಟಗಿಯೊಳಗ ಹೇಮಾವತಿ ಅಂತ ಒಬ್ಬಾಕಿ ರೊಟ್ಟಿ ಮಾಡ್ತಾಳ. ಯಾರಿಗೂ ಗೊತ್ತಿರಲಿಲ್ಲ. ನಾ ಲಿಂಕು ಹಾಕಿದ ಮ್ಯಾಲ ಈಗ ನಾಕು ಮಂದಿ ಹೆಣ್ಮಕ್ಕಳಿಗೆ ಕೆಲಸ ಕೊಟ್ಟಾಳ. ಆಕಿ ಕಡಿ ನಾ ರೊಕ್ಕ ಸೈತ ತಗೊಂಡಿಲ್ಲ."

ಹುಲಗೆಮ್ಮ ಮೇಜಿನ ಮೇಲಿದ್ದ ತನ್ನ ಫೋನನ್ನು ಪಕ್ಕಕ್ಕೆ ಸರಿಸಿದಳು. ಅವಳ ಮನೆಗೆ ವಾರಕ್ಕೊಮ್ಮೆ ಬರುವ ಕಟಕ ರೊಟ್ಟಿಯ ಕಟ್ಟಿನ ಮೇಲೆ ಅದೇ ಹೇಮಾವತಿಯ ಹೆಸರಿತ್ತು. ಅವಳೇ ಮೊಬೈಲಿನಲ್ಲಿ ಹುಡುಕಿ, ಮೊದಲು ಬಂದದ್ದಕ್ಕೆ ಫೋನು ಮಾಡಿದ್ದಳು. ರೊಟ್ಟಿ ಛಲೋ ಇದ್ದವು. ಆ ಮಾತನ್ನು ಈಗ ಈ ಮನುಷ್ಯನ ಮುಂದೆ ಹೇಳುವ ಗರಜು ಇರಲಿಲ್ಲ.

"ಇದು ರೊಕ್ಕದ ಲಿಂಕು ಅಂತ ಒಂದು ಗುರುತಾದ್ರೂ ಹಾಕಬಾರದೇನು?"

"ಹಾಕಾಕ ಬರ್ತೈತ್ರಿ. ಹಾಕಬೇಕು ಅಂತ ರೂಲ್ಸೂ ಐತಿ. ಹಾಕಿದ್ರ ಅದನ್ನ ಲೆಕ್ಕಕ್ಕ ಹಿಡಿಯಂಗಿಲ್ಲ. ಲೆಕ್ಕಕ್ಕ ಇಲ್ಲದ್ದನ್ನ ಯಾರು ತಗೋತಾರ್ರಿ?"

"ಅಂದ್ರ ಖರೆ ಹೇಳಿದ್ರ ಬೆಲಿ ಇಲ್ಲ."

"ಆ ರೂಲ್ಸ್ ನಾ ಮಾಡಿದ್ದಲ್ಲ ಬಿಡ್ರಿ."

ಕೆಳಗಿನಿಂದ ಅಕ್ಬರ ಸಾಹೇಬರು ಎರಡು ಚಹಾ ಕಳಿಸಿದ್ದರು. ಹುಲಗೆಮ್ಮ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದು ನಿಂತದ್ದನ್ನು ನೋಡಿದ್ದರೇನೋ, ಅವಳ ಲೋಟದ ಪಕ್ಕದಲ್ಲಿ ಎರಡು ಗ್ಲೂಕೋಸ್ ಬಿಸ್ಕಿಟ್ ಇದ್ದವು. ಅವಳು ಒಂದನ್ನು ಅದ್ದಿ ತಿಂದಳು. ತಲೆನೋವು ಒಂದು ಎಳೆ ಸಡಿಲವಾಯಿತು.

"ಆ ಹನ್ನೆರಡು ವರ್ಷದ ಹಿಂದಿನ ಲೇಖನ ತೆಗಿ. ನಮ್ಮ ಸಾಹೇಬರಿಗೆ ಭಾಳ ಹಿಡಿಸೇತಿ."

"ಅದು ನನ್ನದಲ್ರಿ" ಅಂದ ಪಂಪಾಪತಿ. ಅಂದದ್ದು ಸ್ವಲ್ಪ ಬೇಗವೇ ಆಯಿತು. "ಅದು ಹಳೇದು. 2013. ಆಗ ನಾ ಇನ್ನೂ ಕಾಲೇಜಿನ್ಯಾಗ ಇದ್ದೆ. ತಾರೀಖು ನೋಡ್ರಿ ಬೇಕಾದ್ರ."

ಪರದೆಯ ಮೇಲೆ ಯಾವುದೋ ಸಣ್ಣ ಸುದ್ದಿತಾಣದ ಪುಟ ತೆರೆದುಕೊಂಡಿತು. ಮೇಲೆ 14 ಮಾರ್ಚ್ 2013. ಕೆಳಗೆ ಎಂಟು ಸಾಲು. ಹುಲಗೆಮ್ಮ ಮುಂದಕ್ಕೆ ಬಾಗಿ, ಒಂದೊಂದೇ ಪದಕ್ಕೆ ಬೆರಳಿಟ್ಟು ಓದಿದಳು. ಶಾಲೆಯಲ್ಲಿ ಓದುತ್ತಿದ್ದ ಹಾಗೆ.

'ಕೊಪ್ಪಳ ಜಿಲ್ಲೆ ಕುಕನೂರು ತಾಲೂಕಿನ ಹೆಸರಾಂತ ಹಜರತಬೀ ಅವರು ಗಂಗಾವತಿಯಲ್ಲಿ ನಡೆಸುತ್ತಿರುವ...'

ಬೆರಳು ಅಲ್ಲೇ ನಿಂತಿತು.

"ಇದನ್ನ ಓದು."

"ಕೊಪ್ಪಳ ಜಿಲ್ಲೆ ಕುಕನೂರು ತಾಲೂಕಿನ..."

"ಇನ್ನೊಮ್ಮೆ."

"ಕುಕನೂರು ತಾಲೂಕಿನ. ಏನಾತ್ರಿ?"

"2013ರಾಗ ನಾ ಯಲಬುರ್ಗಾ ಠಾಣ್ಯಾಗ ಇದ್ದೆ" ಅಂದಳು ಹುಲಗೆಮ್ಮ. ಬೆಳಗಿನಿಂದ ಮೊದಲ ಸಲ ಅವಳ ದನಿ ತಣ್ಣಗಾಯಿತು. "ತಹಶೀಲ್ದಾರ್ ಕಚೇರಿ ಮುಂದ ನಂದು ಡ್ಯೂಟಿ. ಕುಕನೂರಿನವರು ಒಂದು ಹೊಲದ ಉತಾರ ತಗೋಬೇಕಾದ್ರೂ, ಒಂದು ಜಾತಿ ಸರ್ಟಿಫಿಕೇಟಿಗೂ ಬಸ್ ಹತ್ತಿ ಯಲಬುರ್ಗಾಕ್ಕ ಬರ್ತಿದ್ರು. ಬಿಸಲಾಗ ಪಾಳಿ ಹಚ್ಚಿ ನಿಂತು, ಸಾಹೇಬರು ಮೀಟಿಂಗಿಗೆ ಹೋಗ್ಯಾರ ಅಂದ ಕೂಡಲೇ ನನ್ನ ಬೈಯ್ತಿದ್ರು. ಯಾಕ ಗೊತ್ತೇನು?"

ಪಂಪಾಪತಿ ಪರದೆಯ ಮೇಲಿನ ತಾರೀಖನ್ನು ಮತ್ತೊಮ್ಮೆ ನೋಡಿದ.

"ಆಗ ಕುಕನೂರು ತಾಲೂಕು ಆಗಿರಲಿಲ್ಲ. ಯಲಬುರ್ಗಾ ತಾಲೂಕಿನ್ಯಾಗ ಇತ್ತು. ಅದು ತಾಲೂಕು ಆಗಿದ್ದು ಈ ತಾರೀಖಿನಿಂದ ನಾಕೈದು ವರ್ಷದ ಮ್ಯಾಲ. ಅಲ್ಲಿ ಮಂದಿ ತಾಲೂಕು ಬೇಕು ಅಂತ ಧರಣಿ ಕುಂತಾಗ ಬಂದೋಬಸ್ತಿಗೆ ನಾನೂ ಹೋಗೇನಿ. ಇನ್ನೂ ಹುಟ್ಟದ ತಾಲೂಕಿನ ಹೆಸರು ನಿನ್ನ ಲೇಖನದಾಗ ಹೆಂಗ ಬಂತು ತಮ್ಮಾ?"

ಫ್ಯಾನು ಒಂದು ಸುತ್ತು ಕಿರುಗುಟ್ಟಿತು. ಪಂಪಾಪತಿ ಮೂಗಿನ ತುದಿಯ ಬೆವರನ್ನು ಒರೆಸಿಕೊಂಡ.

"ನಾ ಗಂಗಾವತಿಯಾಂವ ರೀ" ಅಂದ ಮೆಲ್ಲಗೆ. "ಆ ಕಡೀದು ನನಗ ಅಷ್ಟು ಖಬರಿಲ್ಲ."

"ಯಾವಾಗ ಬರದಿ?"

"ಈ ಜೂನ್‌ನ್ಯಾಗ. ತಾರೀಖು ಹಿಂದಕ್ಕ ಹಾಕಿದೆ. ಹಳೇ ಪುಟಕ್ಕ ತೂಕ ಜಾಸ್ತಿ. ಗಿರಾಕಿ ಹಂಗ ಕೇಳಿದ್ರು."

"ಪ್ರಿಂಟ್ ತೆಗಿ" ಅಂದಳು ಹುಲಗೆಮ್ಮ. "ಎರಡು ಪ್ರತಿ. ನಮ್ಮ ಸಾಹೇಬರು ಒಂದನ್ನ ಕಳಕೊಂತಾರ."

ಹಳೆಯ ಪ್ರಿಂಟರು ಕಾಗದವನ್ನು ಅಗಿಯುತ್ತ ಹೊರಗೆ ಹಾಕತೊಡಗಿತು. ಹುಲಗೆಮ್ಮನ ಕಣ್ಣ ಮುಂದೆ ಬೆಳಿಗ್ಗೆ ಕಂಡ ಪಡಸಾಲೆ ಬಂತು. ಸೊಂಟ ಹಿಡಿದುಕೊಂಡು ಬಂದಿದ್ದ ಒಬ್ಬ ಮುದುಕನಿಗೆ ಹಜರತಬೀ ನಿನಗೆ ಏನಾಗಿದೆ ಎಂದು ಕೇಳುವ ಮೊದಲು ನೀರು ಕುಡಿಸಿದ್ದಳು. ಅವನು ನೋವಿಗೆ ಕೂಗಬಾರದೆಂದು ಅವನ ಎತ್ತುಗಳ ಹೆಸರು ಕೇಳಿದ್ದಳು. ಅವನು ಎರಡನೆಯ ಎತ್ತಿನ ಹೆಸರು ಹೇಳುವಷ್ಟರಲ್ಲಿ ಕೆಲಸ ಮುಗಿದಿತ್ತು.

"ಗಂಗಾವತಿಯೊಳಗ ನಿಮ್ಮವರು ಯಾರರ ಅದಾರೇನು ಅಮ್ಮಾ?" ಎಂದು ಹುಲಗೆಮ್ಮ ಕೇಳಿದ್ದಳು.

"ಯಾರೂ ಇಲ್ಲ ಬೇಟಿ. ಆ ಊರು ನೋಡಿ ಎಷ್ಟೋ ವರ್ಷ ಆತು."

ಆ ಮಾತಿನ ಮೇಲೆ ನಂಬಿಕೆ ಇಟ್ಟೇ ಹುಲಗೆಮ್ಮ ಸಾಹೇಬರ ಎದುರು ನಿಂತು, ಒಂದು ದಿನ ಕೊಡಿ, ನಾನು ಜವಾಬ್ದಾರಿ ಎಂದು ಬಂದಿದ್ದಳು.

"ಗಿರಾಕಿ ಯಾರು?" ಅಂದಳು ಈಗ.

"ಮಾರಿ ನೋಡಿಲ್ರಿ. ಎಲ್ಲಾ ಫೋನ್ ಮ್ಯಾಲ. ರೊಕ್ಕ ಒಂದು ಲಕೋಟೆದಾಗ ಹಾಕಿ ಕೆಳಗ ಅಕ್ಬರ್‌ಭಾಯಿ ಕಡಿ ಇಟ್ಟು ಹೋಗಿದ್ರು. ಏನು ಬರೀಬೇಕು ಅನ್ನೂದನ್ನ ಮಾತಾಡಿ ಕಳಿಸಿದ್ರು. ಅದನ್ನ ಕೇಳಿ ನಾ ಟೈಪ್ ಮಾಡಿದೆ."

"ಮಾತಾಡಿ ಅಂದ್ರ? ದನಿ ಐತೇನು?"

"ಇರಬೇಕ್ರಿ. ನಾ ಏನೂ ಅಳಸಂಗಿಲ್ಲ."

ಹುಲಗೆಮ್ಮ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ದನಿ ಸಿಕ್ಕರೆ ಮನುಷ್ಯ ಸಿಕ್ಕ. ಮುನವ್ವರನ ದನಿ ಅವಳಿಗೆ ಗೊತ್ತು, ನಿನ್ನೆಯೇ ಒಂದು ಗಂಟೆ ಮಾತಾಡಿಸಿದ್ದಳು. ಅವನೇ ಆಗಿರಲಿ, ಬೇರೆ ಯಾರೇ ಆಗಿರಲಿ, ನಾಳೆ ಹನ್ನೊಂದಕ್ಕೆ ಠಾಣೆಯ ಬೆಂಚಿನ ಮೇಲೆ ಆ ಮುದುಕಿ ಕೂರುವುದಿಲ್ಲ.

ಪಂಪಾಪತಿ ಫೋನಿನಲ್ಲಿ ಮೇಲಕ್ಕೆ ಮೇಲಕ್ಕೆ ಸರಿಸುತ್ತ ಹೋಗಿ ಜೂನ್ ತಿಂಗಳಿಗೆ ಮುಟ್ಟಿದ. ಸಂದೇಶದ ತಲೆಯ ಮೇಲೆ ಒಂದು ಸಣ್ಣ ಬಾಣದ ಗುರುತಿತ್ತು. ಬೇರೆ ಯಾರೋ ಮಾತಾಡಿ ಕಳಿಸಿದ್ದನ್ನು ಗಿರಾಕಿ ಇತ್ತ ದಾಟಿಸಿದ್ದ. ಪಂಪಾಪತಿ ಒತ್ತಿದ.

ಮೊದಲು ಒಂದು ಕೆಮ್ಮು. ಆಮೇಲೆ ಎಲ್ಲೋ ಒಂದು ಕೋಳಿ. ಆಮೇಲೆ ದನಿ.

"ನಾನು ಕುಕನೂರ ಹಜರತಬೀ ಮಾತಾಡಾಕತ್ತೀನಿ. ನನಗ ವಯಸ್ಸಾತು, ಕಣ್ಣು ಮೊದಲಿನಂಗಿಲ್ಲ. ಗಂಗಾವತಿ ಕಡಿ ಮಂದಿ ಇಷ್ಟು ದೂರ ಬಂದು ತ್ರಾಸ ಪಡಬ್ಯಾಡ್ರಿ. ಅಲ್ಲಿ ಕುಂತಾಂವ ನನ್ನ ಕೈಯಾಗ ಕಲತಾಂವ. ಅವನ ಕೈ ಅಂದ್ರ ನನ್ನ ಕೈ. ಅವನ ಕಡಿ ಹೋಗ್ರಿ."

ಸಂದೇಶ ಮುಗಿದು ಪರದೆ ಮಂಕಾಯಿತು.

ಹುಲಗೆಮ್ಮ ಇನ್ನೊಮ್ಮೆ ಹಚ್ಚಲು ಹೇಳಲಿಲ್ಲ. ಹೇಳಬೇಕಾಗಿರಲಿಲ್ಲ. ಬೆಳಿಗ್ಗೆ ಎತ್ತುಗಳ ಹೆಸರು ಕೇಳಿದ ದನಿಯೇ ಅದು. ಹೆದರಿಸಿ ಹೇಳಿಸಿದ ದನಿಯಲ್ಲ, ಓದಿಸಿದ ದನಿಯೂ ಅಲ್ಲ. ಮನೆಯವರ ಬಗ್ಗೆ ಹೇಳುವಾಗ ಬರುವ ಹಿಗ್ಗು ಅದರಲ್ಲಿತ್ತು.

ನಲವತ್ತೆರಡು ಲಿಂಕು ಸುಳ್ಳು ಎಂದು ತೋರಿಸಲು ಇಷ್ಟು ದೂರ ಬಂದಿದ್ದಳು. ಅವುಗಳ ಬೇರಿನಲ್ಲಿ ಯಾರೂ ಕೊಳ್ಳದ, ಯಾರೂ ಮಾರದ ಒಂದು ಖರೆ ಮಾತು ಸಿಕ್ಕಿತ್ತು. ಹಜರತಬೀಯನ್ನು ಜೈಲಿಗೆ ಕಳಿಸಲು ಅದೊಂದೇ ಸಾಕಾಗಿತ್ತು.

ಯಾರೂ ಇಲ್ಲ ಬೇಟಿ. ಅಷ್ಟು ಸಲೀಸಾಗಿ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು. ಕಳ್ಳರು ಸುಳ್ಳು ಹೇಳಿದರೆ ಹುಲಗೆಮ್ಮನಿಗೆ ಬೇಜಾರಾಗುತ್ತಿರಲಿಲ್ಲ, ಅದು ಅವರ ಕೆಲಸ. ಒಳ್ಳೆಯವರು ಯಾರನ್ನೋ ಕಾಯಲು ಹೋಗಿ ಸುಳ್ಳು ಹೇಳಿದರೆ ಮಾತ್ರ ಅವಳಿಗೆ ಗೋಡೆಗೆ ತಲೆ ಬಡಿದುಕೊಳ್ಳಬೇಕು ಅನಿಸುತ್ತಿತ್ತು.

"ಆಯಮ್ಮ ನಿಮಗ ಪರಿಚಯದವರೇನ್ರಿ?" ಪಂಪಾಪತಿ ಕೇಳಿದ.

ಹುಲಗೆಮ್ಮ ಹೌದೆಂದು ತಲೆಯಾಡಿಸಿದಳು.

ಅವನು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದ. ಮೇಡಂ ಎನ್ನುವುದು ಅವನಿಗೆ ಗೊತ್ತಿಲ್ಲದಂತೆ ಬಿಟ್ಟುಹೋಗಿತ್ತು. "ಅಕ್ಕಾರ, ಒತ್ತಿದ್ರ ಹೋಗ್ತೈತಿ. ನನ್ನ ಕಡಿ ಬಿಟ್ಟು ಇನ್ನೆಲ್ಲೂ ಇರಲಿಕ್ಕಿಲ್ಲ. ನೀವು ಆ ತಾಲೂಕಿಂದು ಪ್ರಿಂಟ್ ತಗೊಂಡು ಹೋಗ್ರಿ, ಸಾಕಾಗ್ತೈತಿ. ತಾರೀಖು ಸುಳ್ಳು ಹಾಕಿದ್ದು ನಾನು ಅಂತ ಬರಕೊಡ್ತೀನಿ. ಮುದುಕಿ ಆಕಿ."

ಅವನ ಹೆಬ್ಬೆರಳು ಸಂದೇಶದ ಮೇಲೆ ಒತ್ತಿ ನಿಂತಿತ್ತು. ಕೆಳಗೆ ಕಸದ ಡಬ್ಬಿಯ ಚಿತ್ರ ಮೂಡಿತ್ತು. ಈ ಮನುಷ್ಯ ಇವತ್ತು ಮಾಡಹೊರಟ ಅತಿ ದೊಡ್ಡ ಉಪಕಾರ ಅದು. ಹುಲಗೆಮ್ಮ ಆ ಹೆಬ್ಬೆರಳನ್ನು ಅಗತ್ಯಕ್ಕಿಂತ ಒಂದು ಗಳಿಗೆ ಹೆಚ್ಚೇ ನೋಡಿದಳು. ಪ್ರಿಂಟರು ನಿಂತುಹೋಗಿತ್ತು. ಎರಡು ಪ್ರತಿ ಬಿಸಿಬಿಸಿಯಾಗಿ ತಟ್ಟೆಯಲ್ಲಿ ಬಿದ್ದಿದ್ದವು.

"ಬ್ಯಾಡ" ಅಂದಳು. "ಬೆರಳು ತೆಗಿ."

"ನೋಡ್ರಿ ಮತ್ತ."

"ನೋಡೇನಿ. ಹೊನ್ನೂರಪ್ಪ ಅಂತ ಬೆರಳು ಕಪ್ಪಾದಾಂವ ಒಬ್ಬ ದವಾಖಾನ್ಯಾಗ ಅದಾನ. ಅವನ ಕಡಿಯಿಂದ ಯಾರರ ಇರಬೇಕಲ್ಲ. ಕೊಡು ಇಲ್ಲೆ ಫೋನು."

ಅವನು ಕೊಟ್ಟ. ಹುಲಗೆಮ್ಮ ಅದನ್ನು ಒದ್ದೆ ಬಟ್ಟೆ ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು ಮೇಜಿನ ನಡುವೆ ಇಟ್ಟಳು. ಹಜರತಬೀ ಯಾರನ್ನೋ ನಂಬಿ ಮಾತು ಕೊಟ್ಟಿದ್ದಳು. ಆ ಯಾರೋ ಅದನ್ನು ತಂದು ಇಲ್ಲಿಗೆ ಮುಟ್ಟಿಸಿದ್ದ. ಅವನ ಕೈಯೇ ಅವಳ ಕೈ ಆಗಿದ್ದರೆ, ಅವನು ಯಾರೆಂದು ತಿಳಿಯದೆ ಈ ಕೋಣೆಯಿಂದ ಏಳುವುದಿಲ್ಲ.

"ಗಿರಾಕಿ ನಂಬರ್ ಹೇಳು. ನನ್ನ ಫೋನಿನಿಂದ ಹಚ್ಚತೀನಿ."

"ಮುನವ್ವರ ಅಂದ್ರಲ್ಲ, ಅವನ ಇರಬೇಕ್ರಿ."

"ನೀ ನಂಬರ್ ಹೇಳು."

ಪಂಪಾಪತಿ ಒಂದೊಂದೇ ಅಂಕಿ ಹೇಳಿದ. ಹುಲಗೆಮ್ಮ ಕನ್ನಡಕ ಏರಿಸಿಕೊಂಡು ಒಂದೊಂದೇ ಒತ್ತಿದಳು. ಏಳನೆಯ ಅಂಕಿಗೆ ಅವಳ ಫೋನು ಕಾಯಲಿಲ್ಲ. ಉಳಿದ ಮೂರನ್ನು ತಾನೇ ತುಂಬಿಕೊಂಡು, ಮೇಲೆ ಒಂದು ಹೆಸರು ತೋರಿಸಿತು. ಅವಳೇ ಬರೆದಿಟ್ಟುಕೊಂಡ ಹೆಸರು. ಮೊನ್ನೆ ಕೊಪ್ಪಳದಲ್ಲಿ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಹೇಳಿಕೆ ಬರೆದುಕೊಂಡಾಗ, ಮೊಬೈಲಿನಲ್ಲಿ ಹುಡುಕಿದಾಗಲೇ ಹಜರತಬೀ ಎಂಬ ಹೆಸರು ಮೊದಲ ಸಲ ಕೇಳಿದ್ದು ಎಂದು ಅವನು ಆಣೆ ಮಾಡಿ ಹೇಳಿದ ದಿನ, ಸೇರಿಸಿಕೊಂಡ ನಂಬರು.

ಅವಳು ಕರೆ ಹಚ್ಚಲಿಲ್ಲ. ಫೋನಿನ ಬೆಳಕು ಆರುವ ತನಕ ಆ ಹೆಸರನ್ನೇ ನೋಡುತ್ತ ಕೂತಳು.

"ಯಾರದ್ರಿ ಅಕ್ಕಾರ?" ಪಂಪಾಪತಿ ಕೇಳಿದ. "ಮುನವ್ವರಂದೇನು?"

"ಅಲ್ಲ" ಅಂದಳು ಹುಲಗೆಮ್ಮ. "ಹೊನ್ನೂರಪ್ಪಂದು. ದೂರು ಕೊಟ್ಟಾಂವಂದು."